ಇಬ್ಬರು ಡಾಕ್ಟರು, ಒಂದು ಹೊಟ್ಟೆ

ನಾನು ಸಂಜೆ ಶಾಲೆಯಲ್ಲಿ ಕಲಿತವಳು. ಔಷಧಿಯ ವಿಷಯ ಹೇಳುವ ಧೈರ್ಯ ಮಾಡಿದ್ದಕ್ಕೆ ಕ್ಷಮಿಸಿ. ತಪ್ಪಾಗಬಾರದೆಂದು ಇದನ್ನು ಬುಷರಾಳಿಂದ ಎರಡು ಸಲ ಓದಿಸಿದ್ದೇನೆ.

ಬುಷರಾ ಆಂಟಾಪ್ ಹಿಲ್‌ನ ನಮ್ಮ ಚಾಳಿನ ಹುಡುಗಿ, ಫಾರ್ಮಸಿಸ್ಟ್. ಪಕ್ಕದ ಖೋಲಿಯ ಸಾಯಬಣ್ಣ ವಾಚ್‌ಮನ್. ಅವರಿಗೆ ಹೃದಯದ ಕವಾಟದ ಆಪರೇಷನ್ ಆಗಿದೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ ನುಂಗುತ್ತಾರೆ.

ಒಂದು ಬೆಳಿಗ್ಗೆ ನಳದ ಹತ್ತಿರ ಹಲ್ಲುಜ್ಜುವಾಗ ಅವರ ಬಾಯಿಂದ ರಕ್ತ ಬಂತು. ಮುಂಗೈ ಮೇಲೆ ನೀಲಿ ಕಲೆಗಳಿದ್ದವು.

“ಕಾಕಾ, ಎಲ್ಲರೆ ಬಿದ್ದಿದ್ರೇನು?” ಬುಷರಾ ಕೇಳಿದಳು.

“ಇಲ್ಲವ್ವಾ. ಬ್ರಶ್ ಬಿರಸು ಅದ.”

“ಕೈಗೂ ಬ್ರಶ್ ಹಚ್ಚಿದ್ರೇನು? ಹೊಸಾ ಗುಳಿಗಿ ತಗೋತೀರೇನು?”

“ಇಲ್ಲ.”

“ಸುಳ್ಳು!” ಅವರ ಹೆಂಡತಿ ಕಸ್ತೂರಿಬಾಯಿ ಒಳಗಿಂದಲೇ ಕೂಗಿದರು. “ಮೊಣಕಾಲಿಗೆ ಗಲ್ಲಿ ಡಾಕ್ಟರ್ ಕೊಟ್ಟಿದ್ದು ವಾರದಿಂದ ನುಂಗ್ಲಿಕತ್ತಾರ.”

“ದವಾಖಾನ್ಯಾಗ ಹೇಳಿರೇನು ಕಾಕಾ?”

“ಹ್ಯಾಂಗ ಹೇಳ್ಲಿ? ದೊಡ್ಡ ಡಾಕ್ಟರು ‘ನನ್ನ ಮ್ಯಾಲೆ ನಂಬಿಕಿ ಇಲ್ಲೇನು’ ಅಂತಾರ. ಗಲ್ಲಿ ಡಾಕ್ಟರು ನಮ್ಮ ಯಾದಗಿರಿ ಕಡಿಯವ್ರು, ಅವರಿಗೂ ಬ್ಯಾಸರ. ಇಬ್ಬರ ಮರ್ಯಾದಿನೂ ಕಾಯ್ದೀನಿ.”

“ಮರ್ಯಾದಿ ಉಳೀತು, ರಕ್ತ ಹೊಂಟದಲ್ಲ!”

ಕಸ್ತೂರಿಬಾಯಿ ಗಲ್ಲಿ ಡಾಕ್ಟರು ಕೊಟ್ಟ ಕಾಗದದ ಪೊಟ್ಟಣ ತಂದರು. ಒಳಗೆ ಬಿಳಿ ಮತ್ತು ಹಳದಿ ಗುಳಿಗೆಗಳಿದ್ದವು. ಯಾವುದರ ಮೇಲೂ ಹೆಸರಿಲ್ಲ. “ಇವು ನಿಮ್ಮ ದಿನದ ಗುಳಿಗಿ ಜೋಡಿ ಕೂಡಂಗಿಲ್ಲ ಅನ್ನಸ್ತದ,” ಅಂದಳು ಬುಷರಾ.

“ದಿನದ್ದು ಹೃದಯಕ್ಕ, ಇವು ಮೊಣಕಾಲಿಗೆ. ಒಂದಕ್ಕೊಂದು ಯಾಕ ಜಗಳಾಡ್ತಾವ?” ಸಾಯಬಣ್ಣನಿಗೂ ಈಗ ಕುತೂಹಲ.

“ಹೋಗೂದು ಒಂದ ಹೊಟ್ಟಿಗಿ, ಕಾಕಾ. ನಿಮ್ಮ ದಿನದ ಗುಳಿಗಿ ರಕ್ತ ಹೆಪ್ಪುಗಟ್ಟಗೊಡಲ್ಲ. ಎಷ್ಟೋ ನೋವಿನ ಗುಳಿಗಿ ಹೊಟ್ಟ್ಯಾಗ ಹುಣ್ಣು ಮಾಡ್ತಾವ. ಎರಡೂ ಕೂಡಿದ್ರ ಒಳಗ ರಕ್ತ ಸೋರಬಹುದು.”

“ಹಂಗಾದ್ರ ಹೃದಯದ್ದು ಬಿಡ್ತೀನಿ.”

“ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ! ಕವಾಟದಾಗ ರಕ್ತ ಗಡ್ಡೆ ಕಟ್ಟಬಹುದು. ಎಲ್ಲಾ ಗುಳಿಗಿ ತಗೊಂಡು ಈಗ ದವಾಖಾನಿಗೆ ನಡೀರಿ.”

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಎರಡು ದಿನ ಇರಿಸಿಕೊಂಡರು. ಸಾಯಬಣ್ಣ ತಲೆ ತಗ್ಗಿಸಿ ಪೊಟ್ಟಣದ ವಿಷಯ ಹೇಳಿದರು. ಡಾಕ್ಟರ್ ಸಿಟ್ಟಾಗಲಿಲ್ಲ. “ಹೇಳಿದ್ದು ಒಳ್ಳೆಯದಾಯಿತು” ಎಂದರು, ಮೊಣಕಾಲಿಗೆ ಬೇರೆ ಔಷಧಿ ಬರೆದರು. ಗಲ್ಲಿ ಡಾಕ್ಟರಿಗೆ ಬುಷರಾ ಫೋನ್ ಮಾಡಿದಾಗ ಅವರೇ ಗಾಬರಿಯಾದರು. “ಬಿಳೀದು ನೋವಿಂದು. ಹೃದಯದ ವಿಷಯ ಮೊದಲ ಹೇಳಿದ್ರ ಕೊಡ್ತಿದ್ದೆನೇನು?”

ಈಗ ಕಸ್ತೂರಿಬಾಯಿ ಗಂಡನ ಎಲ್ಲ ಗುಳಿಗೆಗಳ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆಸಿದ್ದಾರೆ. ಅದು ಸಾಯಬಣ್ಣನ ಅಂಗಿಯ ಜೇಬಿನಲ್ಲಿರುತ್ತದೆ.

ನೀವೂ ಬರೆಸಿಡಿ. ಊರಿನಿಂದ ಬಂದ ಬೇರು, ಕಷಾಯವನ್ನೂ ಸೇರಿಸಿ. ಯಾವ ಡಾಕ್ಟರ ಬಳಿ ಹೋದರೂ, ಮೆಡಿಕಲ್‌ಗೆ ಹೋದರೂ ತೋರಿಸಿ, “ಇವುಗಳ ಜೊತೆ ಇದು ನಡೆಯುತ್ತದೆಯೇ?” ಎಂದು ಕೇಳಿ. ಬಿಡಿ ಗುಳಿಗೆ ಕೊಟ್ಟರೆ ಹೆಸರು ಬರೆಸಿಕೊಳ್ಳಿ. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಆ ಹಳದಿ ಗುಳಿಗೆ ಏನೆಂದು ಗಲ್ಲಿ ಡಾಕ್ಟರಿಗೂ ನೆನಪಾಗಲಿಲ್ಲ. ರಕ್ತ ಬರಲು ಅದೂ ಕಾರಣವೋ ಅಲ್ಲವೋ, ನನಗೆ ಗೊತ್ತಿಲ್ಲ.