ತೊಳೆಯದ ಸ್ಪಂಜು

ಮಿತ್ಸುಯೆ ಮಾಚಿಪತ್ರೆಯ ಎಲೆಗಳನ್ನು ಅಂಗೈಯಲ್ಲಿ ಹಿಸುಕಿ, ನೀರಿಗಿಳಿಯುವಾಗ ಹಾಕುವ ಕನ್ನಡಕದ ಗಾಜಿಗೆ ಮಂಜು ಹಿಡಿಯದಿರಲೆಂದು ಉಜ್ಜುತ್ತಿದ್ದಳು. ಕಡಲಿನಲ್ಲಿ ಮುಳುಗು ಹಾಕಿ ದುಡಿಯುವ ಹೆಂಗಸರ ಆ ಗುಡಿಸಲಿನಲ್ಲಿ, ಒಲೆಯ ಆಚೆ, ಪೇಟೆಯಿಂದ ಬಂದ ಚಿತೊಸೆ ಮುದುರಿ ಕೂತಿದ್ದಳು. ಈ ಕೊಲ್ಲಿಯ ಹಳದಿ ಸ್ಪಂಜಿನಿಂದ ಒಂದು ರಾಸಾಯನಿಕ ತೆಗೆದು ಪ್ರಯೋಗಾಲಯಗಳಿಗೆ ಕಳಿಸುವುದು ಅವಳ ಪುಟ್ಟ ಕಂಪನಿಯ ಕೆಲಸ. ಸ್ಪಂಜು ಕೀಳುವ ಕೆಲಸ ಅತ್ತೆ ತೀರಿಕೊಂಡ ಮೇಲೆ ಮಿತ್ಸುಯೆಗೆ ಬಂದಿತ್ತು. ಅವಳು ಎರಡು ಬೇಸಗೆ ಕಳಿಸಿದ ಸ್ಪಂಜಿನಲ್ಲಿ ಏನೂ ಸಿಕ್ಕಿರಲಿಲ್ಲ. ಈ ಸಲವೂ ಹಾಗೇ ಆದರೆ ಇಲ್ಲಿಂದ ತರಿಸುವುದನ್ನೇ ನಿಲ್ಲಿಸುತ್ತಾರಂತೆ. ಅತ್ತೆಯಿಂದ ಬಂದದ್ದು ತನ್ನ ಕೈಯಲ್ಲೇ ಮುಗಿದುಹೋಗುತ್ತದಲ್ಲ ಎಂದು ಮಿತ್ಸುಯೆ ಮುಖ ಗಂಟಿಕ್ಕಿಕೊಂಡು ಗಾಜನ್ನು ಇನ್ನೂ ಜೋರಾಗಿ ಉಜ್ಜಿದಳು.

“ನಿನ್ನ ಮುಖ ನೋಡಿ ಸ್ಪಂಜಿಗೂ ದಿಗಿಲಾಗಿರ್ಬೇಕು ಅಕ್ಕ,” ಎಂದಳು ಪಕ್ಕದಲ್ಲಿ ಕೂತಿದ್ದ ಶಿಹೊ.

ಬೇರೆ ಊರಿಂದ ಮದುವೆಯಾಗಿ ಬಂದ ಈ ಶಿಹೊ ನೀರಿಗಿಳಿಯಲು ಕಲಿತು ಎರಡು ವರ್ಷ. ಒಳ್ಳೆಯ ಬಂಡೆ ಎಲ್ಲಿದೆ ಎಂಬುದನ್ನು ಇಲ್ಲಿ ಅತ್ತೆ ಸೊಸೆಗೆ ಮಾತ್ರ ಹೇಳುವುದು. ಶಿಹೊಳ ಅತ್ತೆ ನೀರಿಗೇ ಇಳಿದವಳಲ್ಲ. ಮಿತ್ಸುಯೆಗೆ ಸೊಸೆಯೇ ಇಲ್ಲ.

ಮಿತ್ಸುಯೆ ಒಬ್ಬಳೇ ದೋಣಿಯಲ್ಲಿ ಹೋಗಿ, ಅತ್ತೆ ತೋರಿಸಿದ್ದ ಬಂಡೆಯ ಸೀಳಿನಿಂದ ಒಂದು ಬುಟ್ಟಿ ಸ್ಪಂಜು ಕಿತ್ತು ತಂದಳು. ಗುಡಿಸಲ ಮುಂದೆ ಸಿಹಿನೀರಿನ ಬಕೆಟ್ಟಿಗೆ ಸುರಿದು ತಿಕ್ಕತೊಡಗಿದಳು.

ಚಿತೊಸೆ ಅವಳ ಕೈ ಹಿಡಿದುಕೊಂಡಳು. “ಪ್ರತಿ ಸಲ ಹೀಗೇ ತೊಳೀತೀರಾ ಅಕ್ಕ?”

“ಮತ್ತೆ? ಕೆಸರು ಮೆತ್ಕೊಂಡಿರೋದನ್ನ ಇನ್ನೊಬ್ಬರ ಮನೆಗೆ ಕಳಿಸೋಕಾಗತ್ತಾ?”

ಚಿತೊಸೆ ಅಲ್ಲೇ ಕುಸಿದು ಕೂತು ನಕ್ಕಳು. ಸಿಹಿನೀರು ತಾಗಿದರೆ ಸ್ಪಂಜಿನ ಒಳಗಿನ ಜೀವಕೋಶಗಳು ಒಡೆದು ಬೇಕಾದ್ದೆಲ್ಲ ಸೋರಿಹೋಗುತ್ತದೆ ಎಂದು ವಿವರಿಸಿದಳು. ಮಿತ್ಸುಯೆಯ ಅತ್ತೆಯೋ ಕೆಸರು, ಪಾಚಿ ಸಮೇತ ಅದನ್ನು ಹಾಗೇ ಐಸಿನ ಪೆಟ್ಟಿಗೆಗೆ ಎಸೆಯುತ್ತಿದ್ದಳು. ಆ ಮುದುಕಿಯ ಸೋಮಾರಿತನಕ್ಕೆ ಮಿತ್ಸುಯೆ ಎಷ್ಟು ವರ್ಷ ಒಳಗೊಳಗೇ ನಾಚಿದ್ದಳು! ಈಗ ಕಿವಿ ಬಿಸಿಯಾಯಿತು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

“ಎರಡು ವರ್ಷ ಚರಂಡಿ ಏಡಿಗಳಿಗೆ ದುಬಾರಿ ಔಷಧಿ ಕುಡಿಸಿದೀಯ,” ಎಂದಳು ಶಿಹೊ.

ಮಿತ್ಸುಯೆ ಮತ್ತೆ ಮುಳುಗಿದಳು. ಆ ಸಂಜೆ ಪೆಟ್ಟಿಗೆಗೆ ಹೋದದ್ದು ಅಪ್ಪಟ ಕೊಳಕು ಸ್ಪಂಜು.

ತಿಂಗಳ ಮೇಲೆ ಚಿತೊಸೆ ಬೆರಳುದ್ದದ ಗಾಜಿನ ಕುಪ್ಪಿಯೊಂದನ್ನು ತೋರಿಸಲು ತಂದಳು. ಬಾಗಿಲಿನಿಂದಲೇ ನಗುತ್ತ ಬಂದಳು. ಆ ಸ್ಪಂಜಿನಿಂದ ತೆಗೆದದ್ದು, ವಿಷ, ಮುಚ್ಚಳ ಮಾತ್ರ ತೆಗೆಯಬೇಡಿ ಎಂದಳು. ಶಿಹೊ ಅದನ್ನು ಬೆಳಕಿಗೆ ಹಿಡಿದಳು. “ಖಾಲಿ ಕುಪ್ಪಿ ತೋರಿಸಿ ನಮ್ಮನ್ನ ಮಂಗ ಮಾಡ್ತಿದಾರೆ ಅಕ್ಕ.” ತಳದಲ್ಲಿ ಗಾಜಿನ ಮೇಲೆ ಉಸಿರು ಬಿಟ್ಟಷ್ಟು ಮಸುಕು ಇತ್ತು, ಅಷ್ಟೇ. ಅಷ್ಟಕ್ಕಾಗಿಯೇ ಎಷ್ಟೋ ಪ್ರಯೋಗಾಲಯಗಳು ಕಾದಿದ್ದವಂತೆ. ಮುಂದಿನ ವರ್ಷವೂ ಬೇಕಂತೆ.

ಗುಡಿಸಲಿನಲ್ಲಿ ನಗು ತುಂಬಿತ್ತು. ಅತ್ತೆ ಜಾಗ ತೋರಿಸಿದ್ದಳು, ಯಾಕೆ ತೊಳೆಯಬಾರದೆಂದು ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ, ಎಂದುಕೊಂಡಳು ಮಿತ್ಸುಯೆ. ಈ ಶಿಹೊ ಆಗಿದ್ದರೆ ಮೊದಲ ದಿನವೇ ಕೇಳಿಬಿಡುತ್ತಿದ್ದಳು.

ನಾಳೆ ಇವಳನ್ನು ಆ ಸೀಳಿಗೆ ಕರೆದೊಯ್ಯುವುದೆಂದು ಮಿತ್ಸುಯೆ ನಿರ್ಧರಿಸಿದಳು. ಇನ್ನೊಂದು ಹಿಡಿ ಮಾಚಿಪತ್ರೆ ಹಿಸುಕಿ, ಶಿಹೊಳ ಕನ್ನಡಕವನ್ನೂ ಎಳೆದುಕೊಂಡು ಉಜ್ಜತೊಡಗಿದಳು.