ಕೂಗದ ಸೈರನ್

ಹೊಳೆ ಉಕ್ಕಿ ಬಂದ ಬೆಳಿಗ್ಗೆ ಕಾಪರ್ ಫೋರ್ಕ್ ಊರಿನ ನೆರೆ ಎಚ್ಚರಿಕೆಯ ಸೈರನ್ ಕೂಗಲೇ ಇಲ್ಲ. ಲೊರೀನ್ ಸ್ಟಂಪ್ ಎದೆಮಟ್ಟದ ನೀರಿನಲ್ಲಿ ಪಕ್ಕದ ಮನೆಗೆ ಹೋಗಿ ಬಾಗಿಲು ನೂಕಿದಳು. ಬಾಗಿಲು ಜಗ್ಗಲಿಲ್ಲ. ಒಳಗೆ ಗಾಲಿಕುರ್ಚಿಯಲ್ಲಿದ್ದ ಮುದುಕಿ ಓಪಲ್ ಕೂಗುತ್ತ ಕೂಗುತ್ತ ಸುಮ್ಮನಾದಳು.

ನೀರಿಳಿದ ಮೇಲೆ ಲೊರೀನ್ ಸೈರನ್ ಕಂಬ ಹತ್ತಿದಳು. ರೇಡಿಯೊ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿಯುತ್ತಲೇ ತಲೆ ನರೆತವಳು. ಕಂಬದ ಪೆಟ್ಟಿಗೆ ತೆರೆದ ಕೂಡಲೇ ಕಾರಣ ತಿಳಿಯಿತು. ಬ್ಯಾಟರಿ ಉಬ್ಬಿ ಒಡೆದಿತ್ತು, ತಂತಿಗಳು ಹಸಿರುಗಟ್ಟಿದ್ದವು. ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಆ ಬ್ಯಾಟರಿಯನ್ನು ಜಿಲ್ಲೆಯ ಆಡಳಿತ ನಡೆಸುವ ಕೌಂಟಿ ಸಭೆಯ ಮೇಜಿನ ಮೇಲೆ ಕುಕ್ಕಿದಳು.

ಅಧ್ಯಕ್ಷ ಡ್ವೈಟ್ ಹ್ಯಾಚರ್ ನಿಟ್ಟುಸಿರುಬಿಟ್ಟ. "ದೇವರು ತಂದ ನೆರೆಗೆ ನಾವೇನ್ ಮಾಡೋಣ, ಲೊರೀನ್?"

"ಮಳೆ ದೇವರದ್ದು. ಬ್ಯಾಟರಿ ಬದಲಾಯ್ಸೋದು ನಿಮ್ ಕೆಲ್ಸ ಆಗಿತ್ತು."

"ಹೋಗಮ್ಮಾ ತಾಯಿ, ನಿನ್ನ ರೇಡಿಯೊ ನೋಡ್ಕೋ ಹೋಗು. ಕೌಂಟಿ ನಡೆಸೋದು ನಮಗ್ಗೊತ್ತು."

ಸಭೆ ನಕ್ಕಿತು. ಪೊಲೀಸಿನವನು ಮೊಣಕೈ ಹಿಡಿದು ಅವಳನ್ನು ಹೊರಗೆ ಬಿಟ್ಟ. ಲೊರೀನಳಿಗೆ ನಖಶಿಖಾಂತ ಉರಿಯಿತು.

"ಹ್ಯಾಚರ್ ಜೊತೆ ಯಾಕೆ ಹಗೆ ಕಟ್ಕೋತೀಯಾ? ಸುಮ್ನಿರೇ," ಎಂದ ಮನೆಯಲ್ಲಿ ಗಂಡ ಗಾರ್ಲೆಂಡ್.

"ಎಲ್ಲಾರೂ ಸುಮ್ನಿದ್ದಿದ್ದಕ್ಕೇ ಓಪಲ್ ಸತ್ತಿದ್ದು!"

ಕಾರ್ಖಾನೆಯ ಕೆಲಸ ಬಿಟ್ಟಳು. ಹ್ಯಾಚರನ ಎದುರೇ ಚುನಾವಣೆಗೆ ನಿಂತಳು.

ಅವಳಿಗೆ ಭಾಷಣ ಬರುತ್ತಿರಲಿಲ್ಲ. ಚರ್ಚಿನ ಊಟದಲ್ಲಿ, ಬೀನ್ಸು ಜೋಳದ ರೊಟ್ಟಿಯ ತಟ್ಟೆ ಹಿಡಿದು ಕೂತವರ ಮುಂದೆ ವೋಲ್ಟು, ತಂತಿ ಎಂದು ಕೊರೆದಳು. ಹಿಂದಿನಿಂದ ಗಣಿ ಕಾರ್ಮಿಕನೊಬ್ಬನ ವಿಧವೆ ವರ್ಡಿ ಗದರಿದಳು: "ವೋಲ್ಟು ಗೀಲ್ಟು ಕಟ್ಕೊಂಡು ನಮಗೇನಾಗ್ಬೇಕೇ? ಓಪಲ್ ಹೆಂಗೆ ಸತ್ತಳು, ಅದನ್ನ ಹೇಳು!"

ಲೊರೀನ್ ಹೇಳಿದಳು. ಬಾಗಿಲು ನೂಕಿದ್ದನ್ನು, ಒಳಗಿನ ಕೂಗನ್ನು, ಅದು ನಿಂತದ್ದನ್ನು. ತಟ್ಟೆಗಳಲ್ಲಿ ರೊಟ್ಟಿ ತಣ್ಣಗಾಯಿತು. ಅಂದಿನಿಂದ ಹೋದಲ್ಲೆಲ್ಲ ಅದನ್ನೇ ಹೇಳಿದಳು, ಪ್ರತಿ ಸಲವೂ ಅದೇ ಸಿಟ್ಟಿನಲ್ಲಿ.

ಗೆದ್ದಳು.

ಹ್ಯಾಚರ್ ಕೈ ಚಾಚಿದ. "ಮನಸ್ಸಲ್ಲಿ ಇಟ್ಕೋಬೇಡ. ರಾಜಕೀಯ ಅಂದ್ಮೇಲೆ ಇದ್ದದ್ದೇ."

"ಇದು ರಾಜಕೀಯ ಅಲ್ಲ. ಓಪಲ್ ಸಾವು. ಮನಸ್ಸಲ್ಲೇ ಇಟ್ಕೋತೀನಿ." ಅವಳು ಕೈ ಕೊಡಲಿಲ್ಲ.

ಮರುವಸಂತಕ್ಕೆ ಹೊಳೆಯುದ್ದಕ್ಕೂ ಹೊಸ ಸೈರನ್‌ಗಳು ನಿಂತವು. ಮೊದಲ ಪರೀಕ್ಷೆಯ ದಿನ ಕಣಿವೆ ನಡುಗುವಂತೆ ಕೂಗಿದವು. ಕಚೇರಿಯ ಫೋನ್ ಹೊಡೆದುಕೊಂಡಿತು.

"ಏನ್ರೀ ಇದು? ಊಟದ ಹೊತ್ನಲ್ಲಿ ಕಿವಿ ಹರಿಯೋ ಹಂಗೆ!"

"ಪ್ರತಿ ತಿಂಗಳೂ ಕೂಗ್ಸ್ತೀನಿ. ಕಿವಿಗೆ ಹತ್ತಿ ಇಟ್ಕೊಂಡು ಉಣ್ಣಿ!" ಎಂದು ಲೊರೀನ್ ಫೋನ್ ಕುಕ್ಕಿದಳು.