ತೊಳೆದ ಕಾಯಿಲು

ಮಂಜುನಾಥಪ್ಪನವರ ಮನೆಯ ಓವನ್ನು ಕೆಟ್ಟಿತ್ತು. ಬಿಸ್ಕತ್ತು ಬೇಯಿಸಲು ಮುಂಬಯಿಯ ಅಳಿಯ ತಂದುಕೊಟ್ಟ ಕರೆಂಟಿನ ಪೆಟ್ಟಿಗೆ. ನಮ್ಮೂರ ಹತ್ತಿರ ಡ್ಯಾಮು ಕಟ್ಟುವಾಗ ಅವರು ಓವರ್‌ಸಿಯರಾಗಿದ್ದವರು. ಈಗಲೂ ಸಾಗರದ ಕರೆಂಟ್ ಆಫೀಸಿನಲ್ಲಿ ಅವರ ಮಾತು ನಡೆಯುತ್ತಿತ್ತು. ನಾನು ಅವರ ಗೇಣಿದಾರನ ಮಗ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅದೇ ಡ್ಯಾಮಿನ ಕಾಲೊನಿಯಲ್ಲಿ ವೈರ್‌ಮನ್ನರ ಕೈಕೆಳಗೆ ದುಡಿದವನು.

"ಸರಿ ಮಾಡ್ಕೊಡು ವಾಸ. ಕರೆಂಟ್ ಆಫೀಸಿನ ಹೆಲ್ಪರ್ ಕೆಲಸಕ್ಕೆ ಶಿಫಾರಸು ಕಾಗದ ಬರ್ಕೊಡ್ತೀನಿ" ಅಂದರು.

ನಮ್ಮವರು ಅವರ ಜಗಲಿ ದಾಟುವಂತಿಲ್ಲ. ನಾನು ಮುಟ್ಟಿದ ಓವನ್ನು ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. ಅದಕ್ಕೇ ಕಾಯಿಲು, ಅಂದರೆ ಕಾಯುವ ಸುರುಳಿ ತಂತಿ, ಕೂರುವ ಮಣ್ಣಿನ ಬಿಲ್ಲೆಯನ್ನಷ್ಟೇ ಬಿಚ್ಚಿ ಹೊರಗೆ ತಂದರು. ಸುಟ್ಟ ತಂತಿ ಕಿತ್ತು, ಹೊಸದನ್ನು ಹಿಗ್ಗಿಸಿ ಬಿಲ್ಲೆಯ ತೋಡಿನೊಳಗೆ ಕೂರಿಸಿಕೊಟ್ಟೆ. ಅದನ್ನು ಓವನ್ನಿಗೆ ಹಾಕುವ ಕೆಲಸ ಅವರದು.

ಅಂಗಳದಿಂದಲೇ ಕೂಗಿ ಹೇಳಿದೆ: "ಮೊದ್ಲು ಮೇನ್ ಸ್ವಿಚ್ ತೆಗೀರಿ ಒಡೇರೆ. ತಂತಿ ತುದಿ ತಗಡಿಗೆ ತಾಗ್ಬಾರ್ದು."

"ನಂಗೆ ಹೇಳ್ಕೊಡ್ತೀಯಾ?"

ಸ್ವಲ್ಪ ಹೊತ್ತಿಗೆ ಒಳಗೆ ಢಂ ಎಂದಿತು. ಫ್ಯೂಸು ಹೋಗಿತ್ತು. ಅವರು ಬಂದು ಬಿಲ್ಲೆಯನ್ನು ಜಗಲಿಯ ಮೇಲೆ ಎಸೆದರು. ಎತ್ತಿ ನೋಡಿದರೆ ಒದ್ದೆ. ಗಂಜಲದ ವಾಸನೆ.

"ಇದಕ್ಕೆ ನೀರು ಹಾಕಿದ್ರಾ?"

ಅವರ ತಾಯಿ ಯಮುನಮ್ಮ ಒಳಗಿಂದಲೇ ಅಂದರು: "ಹಾಕ್ದೆ ಇನ್ನೇನು? ನೀನು ಮುಟ್ಟಿದ್ದು. ಗಂಜಲ ಚಿಮುಕ್ಸಿ ಎರಡು ಚೊಂಬು ಹೊಯ್ದೆ."

"ಹಸಿ ಬಿಲ್ಲೇಲಿ ಕರೆಂಟ್ ಹರೀತದೆ. ಎರಡು ದಿನ ಬಿಸಿಲಿಗೆ ಒಣಗ್ಸಿ ಒಡೇರೆ, ಉರೀತದೆ."

ಮೂರನೇ ದಿನ ಕಾಗದಕ್ಕೆ ಹೋದೆ. ಜಗಲಿಯವರೆಗೂ ಬಿಸ್ಕತ್ತಿನ ಘಮ.

"ನಾನೇ ಕೂರಿಸ್ದೆ ನೋಡು, ಹ್ಯಾಗೆ ಉರೀತಿದೆ" ಅಂದರು. "ನೀನು ಕಟ್ಟಿದ್ದು ಫ್ಯೂಸು ಸುಡ್ತು. ಅಂಥವನಿಗೆ ಕಾಗದ ಕೊಟ್ರೆ ನಾಳೆ ನನ್ನ ಹೆಸರು ಕೆಡ್ತದೆ."

"ನೀರು ಹೊಯ್ದಿದ್ದು ನಿಮ್ಮಮ್ಮ."

"ಹಿರಿಯರ ಸುದ್ದಿಗೆ ಬರ್ಬೇಡ."

ಯಮುನಮ್ಮ ಬಾಳೆಎಲೆಯ ಚೂರಿನಲ್ಲಿ ಎರಡು ಬಿಸ್ಕತ್ತು ತಂದು, ತಾಗದ ಹಾಗೆ ಮೇಲಿಂದ ನನ್ನ ಕೈಗೆ ಬಿಟ್ಟರು. "ತಿನ್ನು. ನೀನು ಕಟ್ಟಿದ ತಂತೀಲೇ ಬೆಂದಿದ್ದು."

ಎಲೆ ಸಮೇತ ಜಗಲಿಯ ಮೇಲಿಟ್ಟೆ. "ನಿಮ್ಮನೆಗೆ ಕಂಬದ ತಂತಿ ಎಳೆದೋರೂ ನಮ್ಮೋರೇ ಅಮ್ಮ. ಅದನ್ನೂ ತೊಳೀರಿ. ಒದ್ದೆ ಕೈಲೇ ತೊಳೀರಿ."

ಮಂಜುನಾಥಪ್ಪ ಎದ್ದು ನಿಂತು ನಮ್ಮಪ್ಪನ ಹೆಸರೆತ್ತಿ ಬೈದರು. ನಾನು ತಿರುಗಿ ನೋಡದೆ ನೇರ ಕರೆಂಟ್ ಆಫೀಸಿಗೆ ನಡೆದೆ.

"ಯಾರು ಕಳಿಸಿದ್ದು?" ಗುಮಾಸ್ತ ಕೇಳಿದ.

"ಯಾರೂ ಇಲ್ಲ. ಕೆಲಸ ಬರ್ತದೆ."

"ಕೆಲಸ ಬರೋರು ಬಾಗಿಲ ತುಂಬ ಇದಾರೆ. ಕಾಗದ ತಂದೋರಿಗೇ ಮೊದ್ಲು" ಅಂದು ಅವನು ಮುಂದಿದ್ದ ಕಡತದ ಹಾಳೆ ಮಗುಚಿದ.